ಊರಿಂದ ದೂರ ಇರುವವರಿಗೆ ಯಾವ ಲೇಸರ್ ಕಟರ್ ಸರಿ?

ಕೊನೆಮನೆ:

ಎಲ್ಲರಿಗೂ ನಮಸ್ಕಾರ. ಹವ್ಯಾಸಕ್ಕೆ ಒಂದು ಲೇಸರ್ ಕಟರ್ ಕೊಳ್ಳಬೇಕು ಅಂತ ಬಹಳ ದಿನದಿಂದ ಆಸೆ. ವಿಡಿಯೋ, ರಿವ್ಯೂ ಸಾಕಷ್ಟು ನೋಡಿದ್ದೇನೆ. ಆದರೆ ಅವನ್ನು ಮಾಡಿದವರೆಲ್ಲ ಪೇಟೆಯವರು. ಏನಾದರೂ ಕೆಟ್ಟರೆ ನಾಳೆಯೋ ನಾಡಿದ್ದೋ ಪಾರ್ಟ್ ಅವರ ಬಾಗಿಲಿಗೆ ಬರುತ್ತದೆ. ನಮ್ಮ ಮನೆ ಇರುವುದು ರಸ್ತೆ ಮುಗಿಯುವ ಕಡೆ. ದೊಡ್ಡ ಪಾರ್ಸೆಲ್ ಇಲ್ಲಿ ತನಕ ಬರುವುದಿಲ್ಲ, ನಾವೇ ಹೋಗಿ ತರಬೇಕು. ಕೊನೆಯ ಭಾಗ ಮಣ್ಣಿನ ರಸ್ತೆ, ಗುಂಡಿ ಜಾಸ್ತಿ. ಕರೆಂಟ್ ಸೋಲಾರ್‌ದು, ಬ್ಯಾಟರಿ ಮತ್ತು ಇನ್ವರ್ಟರ್ ಇವೆ. ಮೋಡ ಮುಚ್ಚಿದರೆ ಜನರೇಟರ್. ಇಂಟರ್ನೆಟ್ ಇದ್ದಾಗ ಇರುತ್ತದೆ, ಇಲ್ಲದಾಗ ಇಲ್ಲ.

ಮಾಡಬೇಕು ಅಂತಿರುವುದು 3 ಮಿ.ಮೀ. ಪ್ಲೈವುಡ್‌ನಲ್ಲಿ ಪೆಟ್ಟಿಗೆ, ಮಕ್ಕಳ ಪಜಲ್, ಗಡಿಯಾರದ ಮುಖ, ಜೊತೆಗೆ ಚರ್ಮದ ಸಣ್ಣಪುಟ್ಟ ಕೆಲಸ. ಅಕ್ರಿಲಿಕ್ ಕತ್ತರಿಸುವ ಆಸೆಯೂ ಇದೆ. ಕೆ40 (ಅಗ್ಗದ 40 ವ್ಯಾಟ್ ಮೆಷಿನ್) ತರಹದ, ಕಾರ್ಬನ್ ಡೈಆಕ್ಸೈಡ್ ಅನಿಲದ ಕೊಳವೆಯಿಂದ ಕಿರಣ ಬರುವ ಸಿಒ2 ಮೆಷಿನ್ ಒಳ್ಳೆಯದೋ, ಸಣ್ಣ ಅರೆವಾಹಕ ಚಿಪ್‌ನಿಂದ ಕಿರಣ ಬರುವ ಡಯೋಡ್ ಒಳ್ಳೆಯದೋ? ಬಳಸಿ ಗೊತ್ತಿರುವವರು ಹೇಳಿ.

ಗರಗಸ:

ಅಕ್ರಿಲಿಕ್ ಅಂದಿರಲ್ಲ, ಪಾರದರ್ಶಕದ್ದೋ ಬಣ್ಣದ್ದೋ? ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ.

ಡಯೋಡ್ ಲೇಸರ್‌ನ ಬೆಳಕು ನೀಲಿ, ಸುಮಾರು 450 ನ್ಯಾನೋಮೀಟರ್. ಕಿಟಕಿ ಗಾಜಿನಲ್ಲಿ ಬಿಸಿಲು ಹಾದುಹೋದ ಹಾಗೆ ಅದು ಪಾರದರ್ಶಕ ಅಕ್ರಿಲಿಕ್ ದಾಟಿ ಹೋಗುತ್ತದೆ. ಬೆಳಕು ಒಳಗೆ ನಿಲ್ಲದಿದ್ದರೆ ಬಿಸಿ ಹುಟ್ಟುವುದಿಲ್ಲ, ಬಿಸಿ ಹುಟ್ಟದಿದ್ದರೆ ಕತ್ತರಿಸುವುದಿಲ್ಲ. ನೀಲಿ ಅಕ್ರಿಲಿಕ್‌ನ ಕತೆಯೂ ಅದೇ. ವ್ಯಾಟ್ ಜಾಸ್ತಿ ಮಾಡಿ ಇದನ್ನು ಗೆಲ್ಲಲು ಆಗುವುದಿಲ್ಲ. ಕಪ್ಪು ಅಕ್ರಿಲಿಕ್ ಆದರೆ ಡಯೋಡ್ ಚೆನ್ನಾಗಿಯೇ ಕತ್ತರಿಸುತ್ತದೆ.

ಸಿಒ2 ಲೇಸರ್‌ನದು 10.6 ಮೈಕ್ರೋಮೀಟರ್, ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಅದಕ್ಕೆ ಅಕ್ರಿಲಿಕ್ ಯಾವ ಬಣ್ಣದ್ದಾದರೂ ಒಂದೇ. ಕತ್ತರಿಸಿದ ಅಂಚು ಪಾಲಿಶ್ ಮಾಡಿದ ಹಾಗೆ ಹೊಳೆಯುತ್ತದೆ. ಗಾಜಿನ ಮೇಲೂ ನೇರವಾಗಿ ಕೆತ್ತಬಹುದು. ಮರ ಮತ್ತು ಚರ್ಮದ ಕೆಲಸ ಎರಡು ತರಹದ ಮೆಷಿನ್‌ನಲ್ಲೂ ಆಗುತ್ತದೆ, ಅದರಲ್ಲಿ ವ್ಯತ್ಯಾಸ ವೇಗದ್ದು ಮಾತ್ರ.

ಮೂರುಕನ್ನಡಿ:

ನಾನು ಸಿಒ2 ಪಕ್ಷ. ಕೆ40 ಬಗ್ಗೆ ಜನ ಸುಮ್ನೆ ಹೆದರಿಸುತ್ತಾರೆ ಅನಿಸುತ್ತದೆ. 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಕುಮಾರ್ ಪಟೇಲ್ ಮಾಡಿ ತೋರಿಸಿದ ಲೇಸರ್ ಇದು. ಅಷ್ಟು ಹಳೆಯದು ಅಂದರೆ ಇದರಲ್ಲಿ ಏನು ಕೆಡುತ್ತದೆ, ಯಾಕೆ ಕೆಡುತ್ತದೆ ಅನ್ನುವುದೆಲ್ಲ ಬರೆದಿಟ್ಟವರು ಬೇಕಾದಷ್ಟು ಜನ ಇದ್ದಾರೆ. ಕೆ40 ಒಳಗೆ ಗುಟ್ಟು ಏನೂ ಇಲ್ಲ. ಒಂದು ಗಾಜಿನ ಕೊಳವೆ, ಅದಕ್ಕೆ ಹೈ ವೋಲ್ಟೇಜ್ ಸಪ್ಲೈ, ಮೂರು ಕನ್ನಡಿ, ಒಂದು ಲೆನ್ಸ್, ಎರಡು ಮೋಟರ್, ಒಂದು ಬೋರ್ಡ್. ಮುಚ್ಚಳ ತೆಗೆದರೆ ಎಲ್ಲ ಎದುರಿಗೇ ಕಾಣುತ್ತದೆ.

ಹಾಳು ರಸ್ತೆಯಲ್ಲಿ ಬಂದ ಮೆಷಿನ್‌ನಲ್ಲಿ ಕನ್ನಡಿಗಳು ಕದಲಿರುತ್ತವೆ, ಅದು ನಿಜ. ಆದರೆ ಅಲೈನ್‌ಮೆಂಟ್ ಕಲಿಯುವುದು ಕಷ್ಟವಲ್ಲ. ಎರಡನೇ ಕನ್ನಡಿಯ ಮುಂದೆ ಮಾಸ್ಕಿಂಗ್ ಟೇಪ್ ತುಂಡು ಅಂಟಿಸಿ. ಗ್ಯಾಂಟ್ರಿಯನ್ನು (ಲೆನ್ಸ್ ಇರುವ ಹೆಡ್ಡನ್ನು ಹೊತ್ತು ಹಿಂದೆಮುಂದೆ ಸರಿಯುವ ಅಡ್ಡಪಟ್ಟಿ) ಹಿಂದಕ್ಕೆ, ಕೊಳವೆಯ ಹತ್ತಿರಕ್ಕೆ ತಳ್ಳಿ. ಮುಚ್ಚಳ ಮುಚ್ಚಿ, ಕಡಿಮೆ ಪವರ್‌ನಲ್ಲಿ ಟೆಸ್ಟ್ ಬಟನ್ ಒಂದು ಕ್ಷಣ ಒತ್ತಿ. ಟೇಪ್ ಮೇಲೆ ಕಂದು ಚುಕ್ಕೆ ಬೀಳುತ್ತದೆ. ಈಗ ಗ್ಯಾಂಟ್ರಿಯನ್ನು ಮುಂದಕ್ಕೆ ಎಳೆದು ಇನ್ನೊಂದು ಸಲ ಒತ್ತಿ. ಎರಡೂ ಚುಕ್ಕೆ ಒಂದರ ಮೇಲೊಂದು ಬಿದ್ದರೆ ಮೊದಲ ಕನ್ನಡಿ ಸರಿ ಇದೆ. ಎರಡನೆಯದು ಪಕ್ಕಕ್ಕೆ ಸರಿದಿದ್ದರೆ ಮೊದಲ ಕನ್ನಡಿಯ ಹಿಂದಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಟೇಪ್ ಬದಲಿಸಿ, ಮತ್ತೆ ನೋಡಿ. ಆಮೇಲೆ ಮೂರನೇ ಕನ್ನಡಿಯ ಮುಂದೆ ಟೇಪ್ ಅಂಟಿಸಿ, ಹೆಡ್ಡನ್ನು ಎಡಕ್ಕೂ ಬಲಕ್ಕೂ ಸರಿಸಿ ಇದನ್ನೇ ಮಾಡಿ. ತಾಳ್ಮೆಯ ಕೆಲಸ, ಆದರೆ ಒಮ್ಮೆ ಕೈಗೆ ಹತ್ತಿದರೆ ಮರೆಯುವುದಿಲ್ಲ.

ಕಿರಣ ಕಾಣಿಸುವುದಿಲ್ಲ ಅನ್ನುವುದು ಮಾತ್ರ ತಲೆಯಲ್ಲಿ ಇರಲಿ. ಒತ್ತುವಾಗ ಕೈ ಒಳಗೆ ಇರಬಾರದು.

ಬಿಸಿಲುಕರೆಂಟು:

ಸೋಲಾರ್‌ನಲ್ಲೇ ಬದುಕುವವನಾಗಿ ಹೇಳುತ್ತೇನೆ. ಮೆಷಿನ್ ಹೆಸರು ನೋಡುವ ಮೊದಲು ಅದು ಎಷ್ಟು ಕರೆಂಟ್ ತಿನ್ನುತ್ತದೆ ಅನ್ನುವುದನ್ನು ನೋಡಿ.

10 ವ್ಯಾಟ್ ಬೆಳಕು ಕೊಡುವ ಡಯೋಡ್ ಮೆಷಿನ್ ಎಳೆಯುವುದು ಹೆಚ್ಚುಕಡಿಮೆ 100 ವ್ಯಾಟ್. ಅನೇಕ ಮಾದರಿಗಳ ಅಡಾಪ್ಟರ್ 12 ಅಥವಾ 24 ವೋಲ್ಟ್ ಡಿಸಿ ಕೊಡುತ್ತದೆ. ಅಂದರೆ ತಕ್ಕ ಕನ್ವರ್ಟರ್ ಇದ್ದರೆ ಇನ್ವರ್ಟರ್ ಹಂಗಿಲ್ಲದೆ ಬ್ಯಾಟರಿಯಿಂದಲೇ ಓಡಿಸಬಹುದು. ಸಿಒ2 ಆದರೆ 40 ವ್ಯಾಟ್ ಕೊಳವೆಗೆ ಗೋಡೆಯಿಂದ 400 ವ್ಯಾಟ್ ಆಸುಪಾಸು ಬೇಕು. ಅದರ ಮೇಲೆ ಕೊಳವೆ ತಂಪಾಗಿಡುವ ನೀರಿನ ಪಂಪ್, ಏರ್ ಪಂಪ್, ಹೊಗೆ ಎಳೆಯುವ ಫ್ಯಾನ್. ಸೆಕೆಗೆ ಅಂತ ಕಂಪ್ರೆಸರ್ ಇರುವ ಚಿಲ್ಲರ್ (ಆ ನೀರನ್ನು ತಣ್ಣಗಾಗಿಸುವ ಯಂತ್ರ) ಸೇರಿಸಿದರೆ ಇನ್ನೂ ಕೆಲವು ನೂರು ವ್ಯಾಟ್. ಇಲ್ಲೊಂದು ವಿಷಯ ತಿಳಿದಿರಲಿ: ಚಿಲ್ಲರ್ ಅಂತ ಮಾರುವ ಸಿಡಬ್ಲ್ಯೂ-3000ರಲ್ಲಿ ಇರುವುದು ರೇಡಿಯೇಟರ್ ಮತ್ತು ಫ್ಯಾನ್ ಅಷ್ಟೇ. ಕೋಣೆಯ ಗಾಳಿಗಿಂತ ತಣ್ಣಗೆ ಅದು ಮಾಡಲಾರದು. ನಿಜವಾಗಿ ತಂಪು ಮಾಡುವುದು ಸಿಡಬ್ಲ್ಯೂ-5000ದಿಂದ ಮೇಲಿನವು.

ಸಿಒ2 ಓಡುತ್ತಿರುವಾಗ ಪಂಪ್ ಮಾತ್ರ ನಿಂತರೆ ಕೊಳವೆ ಕಾದು ಬಿರುಕು ಬಿಡುತ್ತದೆ. ಆದ್ದರಿಂದ ನೀರು ಹರಿಯದಿದ್ದರೆ ಲೇಸರ್ ಹತ್ತದಂತೆ ತಡೆಯುವ ಫ್ಲೋ ಸ್ವಿಚ್ ಇರಲೇಬೇಕು. ಇನ್ವರ್ಟರ್ ಪ್ಯೂರ್ ಸೈನ್ ವೇವ್ ಆಗಿರಲಿ. ಅರ್ಥಿಂಗ್ ಸರಿ ಇರಲಿ. 15–20 ಸಾವಿರ ವೋಲ್ಟ್ ಓಡಾಡುವ ಪೆಟ್ಟಿಗೆ ಅದು. ಒಂಟಿ ಮನೆಗಳ ಸೋಲಾರ್ ವೈರಿಂಗ್‌ನಲ್ಲಿ ಅರ್ಥ್ ರಾಡ್ ಹಾಕದೆ ಬಿಟ್ಟದ್ದನ್ನು ಕಣ್ಣಾರೆ ನೋಡಿದ್ದೇನೆ.

ನೀವು ಎತ್ತರದ ಬೆಟ್ಟದ ಮೇಲೆ ಇದ್ದೀರಾ? ಗಾಳಿ ತೆಳುವಾದಷ್ಟೂ ಹೈ ವೋಲ್ಟೇಜ್ ಕಿಡಿ ಹಾರುವುದು ಸುಲಭ. ಕೊಳವೆಯ ಕನೆಕ್ಷನ್ನಿಂದ ಪಕ್ಕದ ತಗಡಿಗೆ ಕಿಡಿ ಹಾರತೊಡಗಿದರೆ ಸಪ್ಲೈ ಬೇಗ ಸಾಯುತ್ತದೆ.

ಸ್ಕ್ರೂಡ್ರೈವರ್:

ಮೂರುಕನ್ನಡಿ ಅವರೇ, ನೀವು ಹೇಳಿದ್ದೆಲ್ಲ ಒಪ್ಪುತ್ತೇನೆ. ಆದರೆ ಕೇಳಿದವರು ಇರುವ ಜಾಗ ನೋಡಿ. ಅಲ್ಲಿ ಮೆಷಿನ್ ಏನೇನು ಮಾಡುತ್ತದೆ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು, ಕೆಟ್ಟರೆ ಯಾವ ಪಾರ್ಟ್ ತರಿಸಬೇಕು, ಅದು ಬರುವಾಗ ಮುರಿಯದೆ ಬರುತ್ತದಾ ಅಂತ. ನಾನು ದೂರದಲ್ಲಿರುವವರ ಮೆಷಿನ್‌ಗಳನ್ನು ಫೋನಿನಲ್ಲೇ ಮಾತಾಡಿ ರಿಪೇರಿ ಮಾಡಿಸಿದ್ದೇನೆ. ಪಾರ್ಟ್ ಲಕೋಟೆಯಲ್ಲಿ ಬರುವಂಥದ್ದಾದರೆ ಕೆಲಸ ಮುಗಿದ ಹಾಗೇ. ಉದ್ದನೆಯ ಗಾಜು ಬರಬೇಕಾದರೆ ಎಲ್ಲ ಅಲ್ಲಿಗೇ ನಿಲ್ಲುತ್ತದೆ.

ಕೆ40ರ ಕೊಳವೆ ಸುಮಾರು 700 ಮಿ.ಮೀ. ಉದ್ದ, 50 ಮಿ.ಮೀ. ದಪ್ಪ, ಪೂರಾ ಗಾಜು. ಒಳಗೆ ಇನ್ನೊಂದು ಗಾಜು. ನಿಮ್ಮ ಮಣ್ಣಿನ ರಸ್ತೆಯಲ್ಲಿ ಅದು ಬರಬೇಕು. ಇನ್ನೂ ಒಂದು ತೊಡಕು ಇದೆ. ಒಂದು ಸ್ಪೇರ್ ಕೊಳವೆ ತಂದು ಅಟ್ಟದ ಮೇಲೆ ಇಟ್ಟುಕೊಂಡರೆ ಆಯಿತಲ್ಲ ಅಂತ ನಿಮಗೆ ಅನಿಸಬಹುದು. ಆಗುವುದಿಲ್ಲ. ಗಾಜಿನ ಕೊಳವೆಯೊಳಗಿನ ಅನಿಲ ಬಳಸದಿದ್ದರೂ ವರ್ಷಗಳು ಕಳೆದಂತೆ ಕೆಡುತ್ತದೆ. ಬಳಸಿದರೆ, ಅಗ್ಗದ ಕೊಳವೆಗಳಿಗೆ ಸಾಮಾನ್ಯವಾಗಿ ಹೇಳುವ ಆಯಸ್ಸು 1000–2000 ಗಂಟೆ. ಅದೂ ಕರೆಂಟನ್ನು ಹದದಲ್ಲಿ ಇಟ್ಟರೆ. 40 ವ್ಯಾಟ್ ಕೊಳವೆಯನ್ನು 15 ಮಿಲಿಆಂಪ್ ಒಳಗೆ ಇಟ್ಟುಕೊಂಡರೆ ಹೆಚ್ಚು ಕಾಲ ಬಾಳುತ್ತದೆ. ಮಿಲಿಆಂಪ್ ತೋರಿಸುವ ಮುಳ್ಳಿನ ಮೀಟರ್ ಇರುವ ಮೆಷಿನ್ನನ್ನೇ ಆರಿಸಿ. ಬರೀ ಶೇಕಡಾವಾರು ತೋರಿಸುವ ಡಿಜಿಟಲ್ ಪ್ಯಾನೆಲ್ ಇದ್ದರೆ ಕೊಳವೆಯ ಸ್ಥಿತಿ ಗೊತ್ತಾಗುವುದೇ ಇಲ್ಲ. ಎಷ್ಟೋ ಸಲ ಕೊಳವೆಗಿಂತ ಮೊದಲು ಹೈ ವೋಲ್ಟೇಜ್ ಸಪ್ಲೈ ಹೋಗುತ್ತದೆ. ಅದೊಂದು ಸ್ಪೇರ್ ಇಟ್ಟುಕೊಳ್ಳಬಹುದು.

ಚಳಿಗೆ ನೀರು ಹೆಪ್ಪುಗಟ್ಟುವ ಜಾಗವಾದರೆ ಕೊಳವೆ ಒಳಗಿಂದಲೇ ಒಡೆಯುತ್ತದೆ. ಸೆಕೆ ಮತ್ತು ತೇವ ಇರುವ ಜಾಗವಾದರೆ, ತೀರಾ ತಣ್ಣನೆಯ ನೀರು ಹರಿಸಿದಾಗ ಕೊಳವೆಯ ಮೇಲೆ ಬೆವರು ಕೂರುತ್ತದೆ. ಹೈ ವೋಲ್ಟೇಜ್ ಪಕ್ಕದಲ್ಲಿ ಬೆವರು ಇರಬಾರದು ಅಲ್ವಾ? ನೀರು 15ರಿಂದ 25 ಡಿಗ್ರಿ ಒಳಗೆ ಇದ್ದರೆ ಕೊಳವೆಗೆ ಹಿತ. ಅದು ಡಿಸ್ಟಿಲ್ಡ್ ವಾಟರ್ ಆಗಿರಬೇಕು, ಬಾವಿ ನೀರು ಬೇಡ. ಬಾವಿ ನೀರಿನ ಲವಣಗಳಿಂದ ಕರೆಂಟ್ ಹರಿಯುತ್ತದೆ, ಪಾಚಿಯೂ ಕಟ್ಟುತ್ತದೆ.

ಡಯೋಡ್‌ನಲ್ಲಿ ಈ ಯಾವ ತಾಪತ್ರಯವೂ ಇಲ್ಲ. ಹೆಡ್ ಪೂರ್ತಿ ಸತ್ತರೂ ಹೊಸ ಹೆಡ್ ಒಂದು ಸಣ್ಣ ಡಬ್ಬಿಯಲ್ಲಿ ಬರುತ್ತದೆ. ನಾಲ್ಕು ಸ್ಕ್ರೂ, ಒಂದು ಕೇಬಲ್. ಬೆಲ್ಟ್ ಜಿಟಿ2, ಮೋಟರ್ ನೀಮಾ 17. ಇವು 3ಡಿ ಪ್ರಿಂಟರ್‌ಗಳಲ್ಲೂ ಇರುವಂಥವೇ, ಎಲ್ಲಿ ಬೇಕಾದರೂ ಸಿಗುತ್ತವೆ.

ಕೊನೆಮನೆ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಗರಗಸ ಅವರೇ, ಪಾರದರ್ಶಕ ಅಕ್ರಿಲಿಕ್ ಬೇಕಾಗಿದ್ದು ಗಡಿಯಾರದ ಮುಂಭಾಗಕ್ಕೆ ಮಾತ್ರ. ಅದನ್ನು ಬಿಟ್ಟರೂ ನಡೆಯುತ್ತದೆ. ಎತ್ತರದ ಜಾಗವಲ್ಲ, ಆದರೆ ತೇವ ಜಾಸ್ತಿ.

ಈಗ ಇನ್ನೊಂದು ಗೊಂದಲ. ಕೆಲವು ಡಯೋಡ್ ಮೆಷಿನ್ ಡಬ್ಬಿ ಮೇಲೆ 80 ವ್ಯಾಟ್, 90 ವ್ಯಾಟ್ ಅಂತ ಬರೆದಿರುತ್ತದೆ. 40 ವ್ಯಾಟ್ ಸಿಒ2ಗಿಂತ ಅವು ಹೆಚ್ಚಾ?

ಗರಗಸ:

ಆ ಅಂಕಿ ಕಣ್ಣಿಗೆ ಮಣ್ಣೆರಚುವುದು. ಅದು ಹೆಡ್ ಎಳೆಯುವ ಕರೆಂಟಿನ ಲೆಕ್ಕವೋ, ಸುಮ್ನೆ ಹಾಕಿದ ಸಂಖ್ಯೆಯೋ ಆಗಿರುತ್ತದೆ. ನೀವು ನೋಡಬೇಕಾದ್ದು 'ಆಪ್ಟಿಕಲ್ ಔಟ್‌ಪುಟ್', ಅಂದರೆ ಹೊರಬರುವ ಬೆಳಕು, ಎಷ್ಟು ಅನ್ನುವುದನ್ನು. ಒಂದು ನೀಲಿ ಡಯೋಡ್ ಕೊಡುವುದು ಸುಮಾರು 5 ವ್ಯಾಟ್ ಬೆಳಕು. 10 ವ್ಯಾಟ್ ಹೆಡ್‌ನಲ್ಲಿ ಎರಡು, 20 ವ್ಯಾಟ್ ಹೆಡ್‌ನಲ್ಲಿ ನಾಲ್ಕು ಡಯೋಡ್‌ಗಳ ಕಿರಣವನ್ನು ಒಂದುಗೂಡಿಸಿರುತ್ತಾರೆ. 3 ಮಿ.ಮೀ. ಪ್ಲೈಗೆ 10 ವ್ಯಾಟ್ ಸಾಕು, ನಿಧಾನ ಆದರೂ ಆಗುತ್ತದೆ. 20 ಇದ್ದರೆ ಆರಾಮ.

ವ್ಯಾಟ್‌ಗಿಂತ ಪ್ಲೈ ಮುಖ್ಯ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಹೊರಾಂಗಣಕ್ಕೆ ಅಂತ ಮಾಡಿದ ವಾಟರ್‌ಪ್ರೂಫ್ ಪ್ಲೈನಲ್ಲಿ ಫಿನಾಲಿಕ್ ಅಂಟು ಇರುತ್ತದೆ, ಲೇಸರ್ ಅದನ್ನು ಕಡಿಯಲು ಒದ್ದಾಡುತ್ತದೆ. ಒಳಪದರದಲ್ಲಿ ಗಂಟು ಇದ್ದರೆ ಅಷ್ಟು ಜಾಗದಲ್ಲಿ ಕತ್ತರಿಸದೆ ಉಳಿಯುತ್ತದೆ. ನಿಮ್ಮ ತೇವದ ಜಾಗದಲ್ಲಿ ಹಾಳೆ ಬಾಗುತ್ತದೆ. ಬಾಗಿದ ಹಾಳೆಯ ಒಂದು ಮೂಲೆ ಫೋಕಸ್‌ನಲ್ಲಿ ಇದ್ದರೆ ಇನ್ನೊಂದು ಮೂಲೆ ಇರುವುದಿಲ್ಲ. ಹಾಳೆಗಳನ್ನು ಸಮತಟ್ಟಾಗಿ ಮಲಗಿಸಿ, ಮೇಲೆ ಭಾರ ಹೇರಿ, ಪ್ಲಾಸ್ಟಿಕ್ ಹೊದಿಸಿ ಇಡಿ.

ಮೂರುಕನ್ನಡಿ:

ಆದರೂ ವೇಗದ ಮಾತು ಬಂತಲ್ಲ, ಅದಕ್ಕೆ ಹೇಳುತ್ತೇನೆ. ಸಿಒ2 ಅರ್ಧ ಗಂಟೆಯಲ್ಲಿ ಮುಗಿಸುವುದಕ್ಕೆ ಡಯೋಡ್ ಕೆಲವು ಗಂಟೆ ತಗೊಂಡರೆ ಕರೆಂಟಿನ ಉಳಿತಾಯ ಎಲ್ಲಿ ಬಂತು? ಫ್ಯಾನ್, ಏರ್ ಪಂಪ್, ಲ್ಯಾಪ್‌ಟಾಪ್ ಎಲ್ಲ ಅಷ್ಟು ಹೊತ್ತೂ ಓಡುತ್ತವೆ.

ಬಿಸಿಲುಕರೆಂಟು:

ಒಳ್ಳೆಯ ಪ್ರಶ್ನೆ. ಒಟ್ಟು ಯೂನಿಟ್ ಲೆಕ್ಕ ಹಾಕಿದರೆ ಎರಡೂ ಹತ್ತಿರ ಹತ್ತಿರ ಬರಬಹುದು. ಆದರೆ ಸಣ್ಣ ಸೋಲಾರ್‌ನಲ್ಲಿ ತೊಂದರೆ ಕೊಡುವುದು ಒಮ್ಮೆಲೇ ಎಳೆಯುವ ಲೋಡ್. ನಡುಹಗಲಿನಲ್ಲಿ 150 ವ್ಯಾಟನ್ನು ಗಂಟೆಗಟ್ಟಲೆ ಎಳೆದರೆ ಪ್ಯಾನೆಲ್ಲೇ ನೇರವಾಗಿ ಕೊಡುತ್ತದೆ, ಬ್ಯಾಟರಿ ಮುಟ್ಟಬೇಕಾಗಿಲ್ಲ. 700 ವ್ಯಾಟ್ ಎಳೆಯುತ್ತಿರುವಾಗ ಒಂದು ಮೋಡ ಅಡ್ಡ ಬಂದರೆ ಇನ್ವರ್ಟರ್ ಕೂಗುತ್ತದೆ, ಕೆಲಸ ಮಧ್ಯದಲ್ಲಿ ನಿಲ್ಲುತ್ತದೆ, ಹಾಳೆ ವ್ಯರ್ಥ.

ನೆಟ್‌ಇಲ್ಲದೂರು:

ಇಂಟರ್ನೆಟ್ ವಿಷಯ ಯಾರೂ ಎತ್ತಲಿಲ್ಲ. ಇದನ್ನು ಕೊಳ್ಳುವ ಮೊದಲೇ ನೋಡಬೇಕು. ಗ್ಲೋಫೋರ್ಜ್ ತರಹದ ಮೆಷಿನ್‌ಗಳು ವಿನ್ಯಾಸವನ್ನು ಕಂಪನಿಯ ಸರ್ವರ್‌ಗೆ ಕಳಿಸಿ, ಅಲ್ಲಿ ಲೆಕ್ಕ ಹಾಕಿಸಿ, ವಾಪಸ್ ತರಿಸಿಕೊಂಡು ಓಡುತ್ತವೆ. ನೆಟ್ ಇಲ್ಲದ ದಿನ ಅದು ಸುಮ್ಮನೆ ಕೂರುತ್ತದೆ. ಎಷ್ಟೇ ಚೆನ್ನಾಗಿದ್ದರೂ ನಮ್ಮಂಥವರಿಗೆ ಅದು ಬೇಡ.

ಜಿಆರ್‌ಬಿಎಲ್ (ಮೋಟರ್, ಲೇಸರ್ ನಡೆಸುವ ಉಚಿತ ಫರ್ಮ್‌ವೇರ್) ಕಂಟ್ರೋಲರ್ ಇರುವುದನ್ನು ತಗೊಳ್ಳಿ. ಅದನ್ನು ಓಡಿಸುವ ಸಾಫ್ಟ್‌ವೇರ್‌ಗಳಲ್ಲಿ, ವಿಂಡೋಸ್‌ನ ಲೇಸರ್‌ಜಿಆರ್‌ಬಿಎಲ್ ಉಚಿತ. ಲೈಟ್‌ಬರ್ನ್ ದುಡ್ಡು ಕೊಟ್ಟು ಕೊಳ್ಳಬೇಕು, ಆದರೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ, ಒಮ್ಮೆ ಆಕ್ಟಿವೇಟ್ ಆದಮೇಲೆ ನೆಟ್ ಇಲ್ಲದೆಯೂ ಓಡುತ್ತದೆ. ಚಿತ್ರ ಬಿಡಿಸಲು ಇಂಕ್‌ಸ್ಕೇಪ್. ಕೆ40 ಕಡೆ ಹೋಗುವುದಾದರೆ ಅದರ ಎಂ2 ನ್ಯಾನೋ ಬೋರ್ಡ್‌ಗೆ ಕೆ40 ವಿಸ್ಪರರ್ ಮತ್ತು ಮೀರ್‌ಕೆ40ಟಿ ಇವೆ, ಎರಡೂ ಉಚಿತ. ನೆಟ್ ಇರುವಾಗಲೇ ಇನ್‌ಸ್ಟಾಲರ್, ಡ್ರೈವರ್, ಫರ್ಮ್‌ವೇರ್, ಕೈಪಿಡಿ ಎಲ್ಲ ಇಳಿಸಿ ಪೆನ್‌ಡ್ರೈವ್‌ನಲ್ಲಿ ಇಡಿ. ಯುಎಸ್‌ಬಿ ಡ್ರೈವರ್ ಒಂದು ಇಲ್ಲದೆ ಹೊಸ ಮೆಷಿನ್ ಪೆಟ್ಟಿಗೆಯಲ್ಲೇ ಉಳಿದರೆ ಎಷ್ಟು ಬೇಜಾರು ಹೇಳಿ. ಮೊಬೈಲ್ ಆ್ಯಪ್‌ನಲ್ಲೇ ಸೆಟಪ್ ಮಾಡಬೇಕು ಅನ್ನುವ ಮಾದರಿಗಳಲ್ಲಿ, ಲಾಗಿನ್ ಇಲ್ಲದೆ ಓಡುತ್ತದಾ ಅಂತ ಮಾರುವವರನ್ನು ಬರವಣಿಗೆಯಲ್ಲೇ ಕೇಳಿ.

ಹೊಗೆಕೊಳವೆ:

ಹೊಗೆ ಮತ್ತು ಬೆಂಕಿ. ಯಾವ ಮೆಷಿನ್ ತಗೊಂಡರೂ ಇವೆರಡು ಇದ್ದದ್ದೇ, ಊರಿಂದ ದೂರ ಇರುವವರಿಗೆ ಇನ್ನೂ ಮುಖ್ಯ. ನಿಮ್ಮ ಮನೆಗೆ ಅಗ್ನಿಶಾಮಕ ದಳ ಬರುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಹಾಗಾಗಿ ಮೆಷಿನ್ ಓಡುತ್ತಿರುವಾಗ ಪಕ್ಕದಲ್ಲೇ ಇರಿ. ಒಲೆ ಮೇಲೆ ಏನೋ ಇಟ್ಟಿದ್ದೇನೆ, ನೋಡಿ ಬರುತ್ತೇನೆ ಅಂದರೆ ಮೊದಲು ಪಾಜ್ ಬಟನ್ ಒತ್ತಿ ಮೆಷಿನ್ ನಿಲ್ಲಿಸಿ, ಆಮೇಲೆ ಏಳಿ. ಕೈಗೆ ಸಿಗುವ ಹಾಗೆ ಕಾರ್ಬನ್ ಡೈಆಕ್ಸೈಡ್ ತುಂಬಿದ ಸಿಲಿಂಡರ್ ಇಡಿ. ಪುಡಿ ಎರಚುವ ಸಿಲಿಂಡರ್ ಕೂಡ ಬೆಂಕಿ ಆರಿಸುತ್ತದೆ, ಆದರೆ ಆ ಪುಡಿ ಲೆನ್ಸ್, ರೈಲು, ಮೋಟರ್ ಎಲ್ಲದಕ್ಕೂ ಹೊಕ್ಕು ಮೆಷಿನ್ ಹಾಳು ಮಾಡುತ್ತದೆ. ಏರ್ ಅಸಿಸ್ಟ್ ಹಾಕಿಸಿ. ಕತ್ತರಿಸುವ ಜಾಗಕ್ಕೆ ಗಾಳಿ ಊದಿದರೆ ಜ್ವಾಲೆ ಏಳುವುದು ಕಡಿಮೆ, ಅಂಚು ಕಪ್ಪಾಗುವುದೂ ಕಡಿಮೆ, ಲೆನ್ಸ್ ಕೂಡ ಸ್ವಚ್ಛ.

ಹೊಗೆಗೆ ಫಿಲ್ಟರ್ ಪೆಟ್ಟಿಗೆ ಕೊಳ್ಳಬೇಡಿ. ಕಾರ್ಬನ್ ಮತ್ತು ಹೆಪಾ ಫಿಲ್ಟರ್ ತುಂಬುತ್ತಲೇ ಇರುತ್ತವೆ, ಪ್ಲೈ ಕತ್ತರಿಸಿದರೆ ಇನ್ನೂ ಬೇಗ. ಪ್ರತಿ ಸಲ ತರಿಸುತ್ತಾ ಕೂರಬೇಕು. ಹತ್ತಿರದಲ್ಲಿ ಮನೆ ಇಲ್ಲ ಅಂದಮೇಲೆ 150 ಮಿ.ಮೀ. ಪೈಪ್ ಹಾಕಿ ಹೊರಗೆ ಬಿಡಿ. ಫ್ಯಾನ್ ಮೆಷಿನ್ ಪಕ್ಕ ಕೂರಿಸಬೇಡಿ, ಪೈಪ್ ಹೊರಹೋಗುವ ತುದಿಯಲ್ಲಿ ಕೂರಿಸಿ. ಆಗ ಪೈಪಿನಲ್ಲಿ ಎಲ್ಲಾದರೂ ಸಂದು ಇದ್ದರೂ ಕೋಣೆಯ ಗಾಳಿ ಒಳಗೆ ಎಳೆಯಲ್ಪಡುತ್ತದೆಯೇ ಹೊರತು ಹೊಗೆ ಕೋಣೆಗೆ ಬರುವುದಿಲ್ಲ. ಒಳಗೆ ಗಾಳಿ ಬರಲು ಒಂದು ಕಿಟಕಿ ತೆರೆದಿರಲಿ.

ಪಿವಿಸಿ, ರೆಕ್ಸಿನ್ ಮುಟ್ಟಲೇಬೇಡಿ. ಕಾದರೆ ಹೈಡ್ರೋಜನ್ ಕ್ಲೋರೈಡ್ ಬರುತ್ತದೆ, ಶ್ವಾಸಕೋಶಕ್ಕೂ ಕೇಡು, ಮೆಷಿನ್‌ನ ಕಬ್ಬಿಣಕ್ಕೂ ತುಕ್ಕು. ಗುಜರಿಯಲ್ಲಿ ಸಿಕ್ಕಿದ ಹಾಳೆ ಯಾವುದು ಅಂತ ಗೊತ್ತಿಲ್ಲದಿದ್ದರೆ ಒಂದು ಪರೀಕ್ಷೆ ಇದೆ. ದಪ್ಪ ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು, ಹೊರಗೆ ಬಯಲಿನಲ್ಲಿ, ಗ್ಯಾಸ್ ಟಾರ್ಚ್‌ನಲ್ಲಿ ಕೆಂಪಗೆ ಕಾಯಿಸಿ. ಜ್ವಾಲೆಗೆ ಬಣ್ಣ ಬರದ ತನಕ ಕಾಯಿಸಬೇಕು. ಬಿಸಿ ತಂತಿಯನ್ನು ಹಾಳೆಯ ಮೂಲೆಗೆ ತಾಗಿಸಿ, ಸ್ವಲ್ಪ ಪ್ಲಾಸ್ಟಿಕ್ ಹತ್ತಿಸಿಕೊಂಡು ಮತ್ತೆ ಜ್ವಾಲೆಗೆ ಹಿಡಿಯಿರಿ. ಹಸಿರು ಜ್ವಾಲೆ ಎದ್ದರೆ ಅದರಲ್ಲಿ ಕ್ಲೋರಿನ್ ಇದೆ, ಆ ಹಾಳೆ ಬೇಡ. ಚರ್ಮದಲ್ಲೂ ಕ್ರೋಮ್ ಹದ ಮಾಡಿದ್ದು ಬೇಡ, ತೊಗಟೆಯ ಹದದ್ದು ಕೇಳಿ ತಗೊಳ್ಳಿ.

ಸ್ಕ್ರೂಡ್ರೈವರ್:

ಕಣ್ಣಿನ ಮಾತೂ ಸೇರಿಸುತ್ತೇನೆ. ತೆರೆದ ಚೌಕಟ್ಟಿನ ಡಯೋಡ್ ಮೆಷಿನ್ ಕ್ಲಾಸ್ 4 ಲೇಸರ್, ಅಂದರೆ ಅತಿ ಅಪಾಯದ ವರ್ಗದ್ದು. ಹಾಳೆಯಿಂದ ಚದುರಿ ಬರುವ ಬೆಳಕು ಕೂಡ ಕಣ್ಣಿಗೆ ಅಪಾಯ. ಜೊತೆಗೆ ಕೊಡುವ ಅಗ್ಗದ ಹಸಿರು ಕನ್ನಡಕ ನಂಬಬೇಡಿ. 450 ನ್ಯಾನೋಮೀಟರ್‌ಗೆ ಒಡಿ 6 (ಬೆಳಕು ತಡೆಯುವ ಮಟ್ಟ) ಅಂತ ಗುರುತು ಇರುವ ಕನ್ನಡಕ ಬೇರೆ ತರಿಸಿ. ಮನೆಯಲ್ಲಿ ಮಕ್ಕಳಿದ್ದಾರೆ ಅಂತ ಕಾಣುತ್ತದೆ, ನಾಯಿಯೋ ಬೆಕ್ಕೋ ಇರಬಹುದು. ಅವರಿಗೆಲ್ಲ ಕನ್ನಡಕ ಹಾಕಿಸುವುದಕ್ಕಿಂತ ಮುಚ್ಚಿದ ಪೆಟ್ಟಿಗೆ ಇರುವ ಮಾದರಿ ಕೊಳ್ಳುವುದು ಉತ್ತಮ. ಮುಚ್ಚಳ ತೆಗೆದ ಕೂಡಲೇ ಲೇಸರ್ ನಿಲ್ಲುವಂಥದ್ದು. ಹೊಗೆ ಎಳೆಯುವುದಕ್ಕೂ ಅದೇ ಅನುಕೂಲ.

ಕೊನೆಮನೆ:

ಸರಿ, ಮನಸ್ಸು ಗಟ್ಟಿ ಆಯಿತು. 20 ವ್ಯಾಟ್ ಆಪ್ಟಿಕಲ್ ಇರುವ, ಪೆಟ್ಟಿಗೆ ಮುಚ್ಚಿದ, ಜಿಆರ್‌ಬಿಎಲ್ ಡಯೋಡ್. ಗಡಿಯಾರದ ಪಾರದರ್ಶಕ ಮುಖವನ್ನು ಪೇಟೆಯಲ್ಲಿ ಕತ್ತರಿಸಿ ತರಿಸುತ್ತೇನೆ. ಮೂರುಕನ್ನಡಿ ಅವರೇ, ನಿಮ್ಮ ಟೇಪ್ ವಿವರಣೆ ಓದಿ ಸಿಒ2 ಮೇಲೆ ಇನ್ನೂ ಆಸೆ ಉಳಿದಿದೆ. ಮೊದಲ ಆರ್ಡರ್ ಜೊತೆಗೇ ಏನೇನು ಸ್ಪೇರ್ ತರಿಸಲಿ?

ಸ್ಕ್ರೂಡ್ರೈವರ್:

ಹೆಡ್ ಕೆಳಗೆ ಒಂದು ಸಣ್ಣ ರಕ್ಷಣಾ ಗಾಜು ಇರುತ್ತದೆ, ಅದನ್ನು ನಾಲ್ಕೈದು ತರಿಸಿ. ಹೆಚ್ಚು ಹಾಳಾಗುವುದು ಅದೇ. ಹೊಗೆ ಕೂತು ಮಬ್ಬಾದರೆ ಆ ಜಾಗ ಕಾದು ಬಿರಿಯುತ್ತದೆ, ಜನ ಡಯೋಡ್ ಹೋಯಿತು ಅಂತ ಗಾಬರಿಯಾಗುತ್ತಾರೆ. ಆಮೇಲೆ ಒಂದು ಸೆಟ್ ಬೆಲ್ಟ್, ಎರಡು ಲಿಮಿಟ್ ಸ್ವಿಚ್, ಒಂದು ಅಡಾಪ್ಟರ್, ಗಟ್ಟಿಯಾದ ಗಿಡ್ಡ ಯುಎಸ್‌ಬಿ ಕೇಬಲ್. ಸಾಧ್ಯವಾದರೆ ಒಂದು ಕಂಟ್ರೋಲರ್ ಬೋರ್ಡ್. ಲೆನ್ಸ್ ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಅದು ಬೆಂಕಿ ಹತ್ತುವ ದ್ರವ, ವಿಮಾನದಲ್ಲಿ ಹೋಗುವ ಪಾರ್ಸೆಲ್‌ಗಳಲ್ಲಿ ಹಾಕಲು ಒಪ್ಪುವುದಿಲ್ಲ. ಪೇಟೆಗೆ ಹೋದಾಗ ನೀವೇ ತನ್ನಿ.

ಮೂರುಕನ್ನಡಿ:

ಒಳ್ಳೆಯ ಆಯ್ಕೆ, ನನಗೂ ಸಂತೋಷ. ಒಂದು ಮಾತು. ಪೆಟ್ಟಿಗೆಯನ್ನು ಮನೆಗೆ ತಂದು ಬಿಚ್ಚಬೇಡಿ. ಪಾರ್ಸೆಲ್ ಕೈಗೆ ಸಿಗುವ ಜಾಗದಲ್ಲೇ, ಪೇಟೆಯಲ್ಲಿ ಗೊತ್ತಿದ್ದವರ ಮನೆ ಇದ್ದರೆ ಅಲ್ಲೇ ಬಿಚ್ಚಿ, ಜೋಡಿಸಿ, ಒಂದು ಪ್ಲೈ ಹಾಳೆಯಲ್ಲಿ ದೊಡ್ಡ ಚೌಕ ಮತ್ತು ಅದರೊಳಗೆ ವೃತ್ತ ಕತ್ತರಿಸಿ ನೋಡಿ. ಚೌಕದ ಎರಡು ಕರ್ಣ ಅಳೆದರೆ ಚೌಕಟ್ಟು ಓರೆ ಇದೆಯಾ ಅಂತ ಗೊತ್ತಾಗುತ್ತದೆ. ವೃತ್ತದ ಶುರು ಮತ್ತು ಕೊನೆ ಕೂಡದಿದ್ದರೆ ಬೆಲ್ಟ್ ಸಡಿಲ. ಏನಾದರೂ ಮುರಿದಿದ್ದರೆ ವಾಪಸ್ ಕಳಿಸುವುದು ಅಲ್ಲಿಂದ ಸುಲಭ, ನಿಮ್ಮ ಮನೆಯಿಂದ ಕಷ್ಟ. ಮೂಲ ಥರ್ಮೊಕೋಲ್ ಮತ್ತು ಡಬ್ಬಿ ಎಸೆಯಬೇಡಿ. ಹೊರಡುವ ಮೊದಲು ಹೆಡ್ ಕಳಚಿ ಬೇರೆ ಸುತ್ತಿ, ಅದನ್ನು ಡಿಕ್ಕಿಯಲ್ಲಿ ಹಾಕದೆ ಮಡಿಲಲ್ಲಿ ಇಟ್ಟುಕೊಂಡು ಹೋಗಿ.